ಹಳೆಯ ಲ್ಯಾಪ್‌ಟಾಪಿನಲ್ಲಿ ಇಂಟರ್ನೆಟ್ ನಿಂತಾಗ ಒಕ್ಕಲಿಗರು ಅನುಸರಿಸತಕ್ಕ ಕ್ರಮ

(ಒಬ್ಬ ಕೃಷಿ ಇನ್‌ಸ್ಪೆಕ್ಟರ್, ಎಲ್.ಎಜಿ.)

ಒಕ್ಕಲುತನದ ಕಾಗದಪತ್ರಗಳ ಬಹುಭಾಗವು ಈಗ ಇಂಟರ್ನೆಟ್ಟಿನ ಮುಖಾಂತರವೇ ನಡೆಯುತ್ತಿರುವುದು ವಾಚಕರಿಗೆ ತಿಳಿದ ಸಂಗತಿಯಾಗಿದೆ. ಭೂಮಿ ಯೋಜನೆಯ ಉತಾರೆ, ಫ್ರೂಟ್ಸ್ ನೋಂದಣಿ, ೨೦೧೯ರಲ್ಲಿ ಪ್ರಾರಂಭವಾದ ಪಿ.ಎಂ. ಕಿಸಾನ್ ಹಣದ ವಿವರ, ಬೆಳೆ ವಿಮೆ ಇವೆಲ್ಲವನ್ನೂ ಮನೆಯಲ್ಲಿ ಕುಳಿತೇ ನೋಡಬಹುದು. ಆದರೆ ನಮ್ಮ ಹಳ್ಳಿಗಳ ಮನೆಗಳಲ್ಲಿರುವ ಲ್ಯಾಪ್‌ಟಾಪು ಅನೇಕ ವೇಳೆ ಮಕ್ಕಳು ಕಾಲೇಜಿನಲ್ಲಿ ಬಳಸಿ ಬಿಟ್ಟುಹೋದ ಹಳೆಯ ಯಂತ್ರವಾಗಿರುತ್ತದೆ. ಅದು ಅವಸರದ ಸಮಯದಲ್ಲಿಯೇ ಕೈಕೊಡುವುದುಂಟು.

ದ್ರಾಕ್ಷಿ ಪಡಗಳನ್ನು ನೋಡಲು ಬಿಜ್ಜರಗಿಗೆ ಹೋಗಿದ್ದಾಗ ಇಂಥ ಒಂದು ಪ್ರಸಂಗವನ್ನು ಕಣ್ಣಾರೆ ಕಂಡೆನು. ಮನೆಯ ಯಜಮಾನರು ವಿಮೆಯ ಸಲುವಾಗಿ ಉತಾರೆಯ ಪ್ರತಿಯನ್ನು ಮರುದಿನದೊಳಗಾಗಿ ಬ್ಯಾಂಕಿಗೆ ಒಪ್ಪಿಸಬೇಕಾಗಿತ್ತು. ಪ್ರಿಂಟರು ಲ್ಯಾಪ್‌ಟಾಪಿಗೆ ಜೋಡಿಸಿದ್ದು. ಲ್ಯಾಪ್‌ಟಾಪಿನಲ್ಲಿಯಾದರೋ ಯಾವ ಪುಟವೂ ತೆರೆಯದು. ಅವರು ಎರಡು ಸಾರೆ ಲೈನಿನವರನ್ನು ಕರೆಸಿದ್ದರು, ಹೊಸ ರೂಟರನ್ನೂ ಕೊಂಡಿದ್ದರು. ಹಣ ಹೋಯಿತು, ದೋಷ ಹೋಗಲಿಲ್ಲ.

ಹನಿ ನೀರಾವರಿಯಲ್ಲಿ ಕೊನೆಯ ಬಳ್ಳಿಗೆ ನೀರು ಮುಟ್ಟದಿದ್ದರೆ ನಾವು ಒಮ್ಮೆಲೆ ಹೊಸ ಪಂಪನ್ನು ತರುವುದಿಲ್ಲ. ಬಾವಿ, ಪಂಪು, ಫಿಲ್ಟರು, ದೊಡ್ಡ ಪೈಪು, ಸಣ್ಣ ಪೈಪು ಎಂದು ಮೂಲದಿಂದ ತುದಿಯವರೆಗೆ ನೋಡುತ್ತ ಬರುತ್ತೇವೆ. ಇಲ್ಲಿಯೂ ಅದೇ ಕ್ರಮವು ಯೋಗ್ಯವು. ದೋಷದ ಸ್ಥಳವು ಗೊತ್ತಾಗುವ ಮೊದಲು ಏನನ್ನೂ ಕೊಳ್ಳಕೂಡದು.

೧. ಲೈನು: ಫೈಬರ್ ಪೆಟ್ಟಿಗೆಯಲ್ಲಿ ‘ಎಲ್‌ಒಎಸ್’ ಎಂಬ ದೀಪವು ಕೆಂಪಾಗಿ ಉರಿಯುತ್ತಿದ್ದರೆ ಬೆಳಕಿನ ಸಂಕೇತವು ಮನೆಗೆ ಬರುತ್ತಿಲ್ಲವೆಂದು ತಿಳಿಯಬೇಕು. ತೆಳ್ಳನೆಯ ಫೈಬರ್ ತಂತಿಯು ಮಡಿಚಿಕೊಂಡಿದೆಯೋ, ಇಲಿ ಕಡಿದಿದೆಯೋ ನೋಡಿ ಲೈನಿನವರಿಗೆ ತಿಳಿಸಬೇಕು. ಬಿಚ್ಚಿದ ತಂತಿಯ ತುದಿಯೊಳಗೆ ಕಣ್ಣಿಟ್ಟು ನೋಡಕೂಡದು. ಅದರ ಬೆಳಕು ಕಾಣದಿದ್ದರೂ ಕಣ್ಣಿಗೆ ಅಪಾಯಕರವು.

೨. ರೂಟರು: ದೀಪಗಳು ಸರಿಯಾಗಿದ್ದರೆ ರೂಟರಿನ ಕರೆಂಟು ತೆಗೆದು, ಒಂದು ನಿಮಿಷ ಬಿಟ್ಟು ಹಾಕಿ, ಮೂರು ನಾಲ್ಕು ನಿಮಿಷ ಕಾಯಬೇಕು. ಬಳಿಕ ಮೊಬೈಲಿನ ಸ್ವಂತ ಡೇಟಾವನ್ನು ಬಂದ್ ಮಾಡಿ, ವೈಫೈ ಒಂದರಿಂದಲೇ ಯಾವುದಾದರೊಂದು ಪುಟವನ್ನು ತೆರೆದು ನೋಡಬೇಕು. ಡೇಟಾ ಬಂದ್ ಮಾಡದೆ ನೋಡಿದರೆ ಈ ಪರೀಕ್ಷೆಯು ವ್ಯರ್ಥವು. ಮೊಬೈಲಿನಲ್ಲಿ ಪುಟ ತೆರೆದರೆ ಲೈನು, ರೂಟರು ಎರಡೂ ನಿರ್ದೋಷವಾಗಿವೆ. ದೋಷವು ಲ್ಯಾಪ್‌ಟಾಪಿನ ಕಡೆಗಿದೆ.

೩. ವೈಫೈ: ಹಳೆಯ ಲ್ಯಾಪ್‌ಟಾಪುಗಳ ಪಕ್ಕದಲ್ಲಿ ವೈಫೈ ಮುಚ್ಚಿ ತೆರೆಯುವ ಒಂದು ಚಿಕ್ಕ ಸ್ವಿಚ್ಚು ಇರುವುದುಂಟು, ಕೈ ತಗಲಿ ಅದು ಬಂದ್ ಆಗಿರಬಹುದು. ಇಂಥ ಅನೇಕ ಯಂತ್ರಗಳು ೨.೪ ಗಿಗಾಹರ್ಟ್ಸ್ ತರಂಗವನ್ನು ಮಾತ್ರ ಹಿಡಿಯುತ್ತವೆ; ಹೊಸ ರೂಟರಿನ ೫ ಗಿಗಾಹರ್ಟ್ಸ್ ಹೆಸರು ಅವುಗಳಿಗೆ ಕಾಣುವುದೇ ಇಲ್ಲ. ಆದುದರಿಂದ ರೂಟರಿನಲ್ಲಿ ೨.೪ರ ಹೆಸರನ್ನು ತೆರೆದಿಡಬೇಕು. ದಪ್ಪ ಕಲ್ಲುಗೋಡೆಯ ಮನೆಗಳಲ್ಲಿ ಇದೇ ಹೆಚ್ಚು ದೂರ ಮುಟ್ಟುತ್ತದೆ. ರೂಟರಿನ ಭದ್ರತೆಯನ್ನು ‘ಡಬ್ಲ್ಯೂಪಿಎ ೩’ ಮಾತ್ರ ಎಂದಿಟ್ಟಿದ್ದರೂ ಹಳೆಯ ಯಂತ್ರವು ಸೇರಲಾರದು. ‘ಡಬ್ಲ್ಯೂಪಿಎ ೨’ ಸಾಕು. ಸಂಶಯ ಉಳಿದರೆ ರೂಟರಿನಿಂದ ಲ್ಯಾಪ್‌ಟಾಪಿಗೆ ನೆಟ್‌ವರ್ಕ್ ಕೇಬಲ್ ಜೋಡಿಸಿ ನೋಡಬೇಕು. ಕೇಬಲ್ಲಿನಿಂದ ನಡೆದು ವೈಫೈಯಿಂದ ನಡೆಯದಿದ್ದರೆ ದೋಷವು ವೈಫೈಯಲ್ಲಿಯೇ ಇದೆಯೆಂದು ನಿಶ್ಚಯಿಸಬಹುದು.

೪. ತಾರೀಖು ಮತ್ತು ವೇಳೆ: ಬಿಜ್ಜರಗಿಯ ಮನೆಯಲ್ಲಿ ಮೇಲಿನ ಮೂರೂ ಸರಿಯಾಗಿದ್ದವು. ಲ್ಯಾಪ್‌ಟಾಪು ಮಾತ್ರ ‘ಸಂಪರ್ಕ ಸುರಕ್ಷಿತವಲ್ಲ’ ಎಂಬರ್ಥದ ಇಂಗ್ಲಿಷ್ ಎಚ್ಚರಿಕೆಯನ್ನು ತೋರಿಸುತ್ತಿತ್ತು. ಪರದೆಯ ಮೂಲೆಯಲ್ಲಿ ನೋಡಲಾಗಿ ತಾರೀಖು ಅನೇಕ ವರ್ಷ ಹಿಂದಿನದಾಗಿತ್ತು! ಪ್ರತಿಯೊಂದು ಸುರಕ್ಷಿತ ತಾಣವೂ ಇಂತಹ ದಿನದಿಂದ ಇಂತಹ ದಿನದವರೆಗೆ ಎಂಬ ಅವಧಿಯುಳ್ಳ ಪ್ರಮಾಣಪತ್ರವನ್ನು ಯಂತ್ರಕ್ಕೆ ತೋರಿಸುತ್ತದೆ. ಯಂತ್ರದ ತಾರೀಖು ತಪ್ಪಿದ್ದರೆ ಆ ಪತ್ರವು ಸುಳ್ಳೆಂದು ಅದು ತಿಳಿಯುತ್ತದೆ. ವೇಳೆಯನ್ನು ಕಾಯುವ ನಾಣ್ಯದಾಕಾರದ ಬ್ಯಾಟರಿ ಸತ್ತುಹೋಗಿತ್ತು. ದೊಡ್ಡ ಬ್ಯಾಟರಿಯಲ್ಲಿಯೂ ಸತ್ವವಿರಲಿಲ್ಲ. ಆದ್ದರಿಂದ ಕರೆಂಟು ಹೋದಾಗಲೆಲ್ಲ ತಾರೀಖು ಹಿಂದಕ್ಕೆ ಸರಿಯುತ್ತಿತ್ತು. ತಾರೀಖನ್ನು ಸರಿಪಡಿಸಿದೊಡನೆ ಪುಟವು ತೆರೆದು, ಉತಾರೆಯ ಪ್ರತಿಯು ಅದೇ ಸಂಜೆ ಕೈಸೇರಿತು. ಕಾಸೂ ಖರ್ಚಾಗಲಿಲ್ಲ. ಚಿಕ್ಕ ಬ್ಯಾಟರಿಯನ್ನು ಬಲ್ಲವರಿಂದ ಬದಲಿಸಿಕೊಳ್ಳುವಂತೆ ಯಜಮಾನರಿಗೆ ಹೇಳಿ ಬಂದೆನು.

೫. ಯಂತ್ರದ ವಯಸ್ಸು: ವಿಂಡೋಸ್ ೭ಕ್ಕೆ ಕಂಪನಿಯ ಬೆಂಬಲವು ೨೦೨೦ರ ಜನವರಿ ೧೪ಕ್ಕೂ, ವಿಂಡೋಸ್ ೧೦ಕ್ಕೆ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ಕ್ಕೂ ಮುಗಿದವು. ಕ್ರೋಮ್ ಬ್ರೌಸರಿನ ಹೊಸ ಆವೃತ್ತಿಗಳು ವಿಂಡೋಸ್ ೭ರಲ್ಲಿ ೨೦೨೩ರಿಂದ ನಡೆಯುತ್ತಿಲ್ಲ. ಹೀಗಾಗಿ ಕೆಲವು ತಾಣಗಳು ತೆರೆದು ಕೆಲವು ತೆರೆಯದಿದ್ದರೆ ಬ್ರೌಸರಿನ ಹಳತನವನ್ನು ಸಂಶಯಿಸಬೇಕು. ಹೊಸ ಯಂತ್ರ ಕೊಳ್ಳಲಾರದವರು ಬಲ್ಲವರ ಸಹಾಯದಿಂದ ಬೆಲೆಯಿಲ್ಲದೆ ದೊರೆಯುವ ಲಿನಕ್ಸನ್ನು ಹಾಕಿಸಿಕೊಳ್ಳಬಹುದು. ಅದಕ್ಕೆ ಮೊದಲು ಒಳಗಿನ ಕಾಗದಪತ್ರಗಳನ್ನು ಬೇರೆಡೆ ಇಳಿಸಿಕೊಳ್ಳತಕ್ಕದ್ದು. ಬೆಂಬಲವಿಲ್ಲದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಹಿತಕರವಲ್ಲ.

ಕೊನೆಯದಾಗಿ ಒಂದು ಸೂಚನೆ. ವೈಫೈಯ ಹೆಸರು, ಗುಪ್ತಪದ, ಲೈನಿನವರ ದೂರವಾಣಿ ಇವನ್ನು ಒಂದು ಕಾಗದದ ಮೇಲೆ ಬರೆದು, ಉತಾರೆಗಳ ಜೊತೆಗೆ ಜೋಪಾನವಾಗಿಡಬೇಕು. ಹಂಗಾಮಿಗೆ ಮುಂಚೆ ಪಂಪನ್ನು ಒಮ್ಮೆ ನಡೆಸಿ ನೋಡುವಂತೆ, ಅರ್ಜಿಯ ಕೊನೆಯ ದಿನಕ್ಕೆ ಒಂದು ವಾರ ಮೊದಲೇ ಲ್ಯಾಪ್‌ಟಾಪನ್ನೂ ತೆರೆದು ನೋಡಬೇಕು. ಹಾಗೆ ಮಾಡಿದವರಿಗೆ ದೋಷವು ಕಂಡುಬಂದರೂ ಅದನ್ನು ತಿದ್ದಿಕೊಳ್ಳಲು ದಿನಗಳು ಉಳಿದಿರುತ್ತವೆ.