ಏಳು ತಂತಿಯ ಸೌಧ: ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ

ಬೆಂಗಳೂರು: ಕಲಾವಿದರ ಹೆಸರು ಹೊತ್ತ ಸಭಾಂಗಣಗಳು ರಾಜ್ಯದಲ್ಲಿ ಹಲವಾರಿವೆ. ಕಲಬುರಗಿಯ ರಂಗಮಂದಿರಕ್ಕೆ ಅದೇ ಊರಿನಲ್ಲಿ 1916ರಲ್ಲಿ ಜನಿಸಿದ ಚಿತ್ರಕಾರ ಡಾ. ಎಸ್.ಎಂ. ಪಂಡಿತರ ಹೆಸರಿದೆ. ರಾಜಧಾನಿಯ ಕಲಾಕ್ಷೇತ್ರ ಕವಿ ರವೀಂದ್ರನಾಥ ಠಾಕೂರರ ಹೆಸರನ್ನು ಹೊತ್ತಿದೆ. ಆದರೆ ಕಲಾವಿದ ಕೈಯಲ್ಲಿ ಹಿಡಿದಿದ್ದ ವಾದ್ಯವೇ ಕಟ್ಟಡವಾಗಿ ಎದ್ದುನಿಂತಿರುವುದು ಮಲ್ಲೇಶ್ವರಂ ಬಳಿಯ ಗಾಯತ್ರಿದೇವಿ ಪಾರ್ಕ್ ಬಡಾವಣೆಯ ಚೌಡಯ್ಯ ಸ್ಮಾರಕ ಭವನದ ವಿಶೇಷ.

ಬೆಂಗಳೂರಿನ ದರ್ಶನೀಯ ಸ್ಥಳಗಳ ಪಟ್ಟಿಯಲ್ಲಿ ಇದು 'ಪಿಟೀಲಿನ ಆಕಾರದ ಕಟ್ಟಡ' ಎಂದೇ ಪರಿಚಿತ. ಆದರೆ ಆ ಪಿಟೀಲಿಗೆ ನಾಲ್ಕು ತಂತಿಗಳ ಬದಲು ಏಳು ತಂತಿಗಳಿವೆ ಎಂಬುದನ್ನು ಗಮನಿಸುವವರು ಕಡಿಮೆ. ಭವನದ ನಿಜವಾದ ಕಥೆ ಅಡಗಿರುವುದು ಆ ಮೂರು ಹೆಚ್ಚುವರಿ ತಂತಿಗಳಲ್ಲಿ.

ಹಿಂದಿನ ಸಾಲಿಗೆ ಕೇಳಿಸದ ನಾದ

ತಿರುಮಕೂಡಲು ಚೌಡಯ್ಯನವರು ಜನಿಸಿದ್ದು 1895ರಲ್ಲಿ, ಇಂದಿನ ಮೈಸೂರು ಜಿಲ್ಲೆಯ ತಿ. ನರಸೀಪುರದ ಬಳಿಯ ತಿರುಮಕೂಡಲಿನಲ್ಲಿ. ಮುಂದೆ ತಮ್ಮ ಕೃತಿಗಳಿಗೆ ಅವರು ಆರಿಸಿಕೊಂಡ 'ತ್ರಿಮಕುಟ' ಎಂಬ ಅಂಕಿತದಲ್ಲೂ ಈ ಹುಟ್ಟೂರಿನ ನೆನಪಿದೆ. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಬಳಿ ದೀರ್ಘಕಾಲ ಗುರುಕುಲವಾಸ ಮಾಡಿ, ಪಕ್ಕವಾದ್ಯಗಾರರಾಗಿ ದಕ್ಷಿಣ ಭಾರತದಾದ್ಯಂತ ಹೆಸರು ಗಳಿಸಿದರು. ಅರಿಯಾಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ ವೈದ್ಯನಾಥ ಭಾಗವತರ್ ಮೊದಲಾದ ದಿಗ್ಗಜರಿಗೆ ಪಿಟೀಲು ನುಡಿಸಿದರು.

ಪಿಟೀಲು ಪಶ್ಚಿಮದಿಂದ ಬಂದ ವಾದ್ಯ. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಲುಸ್ವಾಮಿ ದೀಕ್ಷಿತರಂಥವರ ಪ್ರಯತ್ನದಿಂದ ಅದು ಕರ್ನಾಟಕ ಸಂಗೀತಕ್ಕೆ ಒಗ್ಗಿಕೊಂಡಿತು. ಆದರೆ ಚೌಡಯ್ಯನವರ ಯೌವನದ ಕಾಲದ ಕಛೇರಿಗಳಲ್ಲಿ ಧ್ವನಿವರ್ಧಕವಿರಲಿಲ್ಲ. ಮದುವೆಯ ಚಪ್ಪರ, ದೇವಸ್ಥಾನದ ಪ್ರಾಂಗಣ, ರಾಮನವಮಿಯ ಪೆಂಡಾಲುಗಳಲ್ಲಿ ನೂರಾರು ಜನ ಕೂಡುತ್ತಿದ್ದರು. ಗಾಯಕರ ಕಂಠ ಮತ್ತು ಮೃದಂಗದ ನಡುವೆ ಪಿಟೀಲಿನ ತೆಳುವಾದ ನಾದ ಹಿಂದೆ ಕುಳಿತವರನ್ನು ಮುಟ್ಟುತ್ತಿರಲಿಲ್ಲ.

ಈ ಕೊರತೆಗೆ ಚೌಡಯ್ಯನವರು ಕಂಡುಕೊಂಡ ಪರಿಹಾರ ಸರಳ, ಆದರೆ ಸಾಧನೆ ಕಠಿಣ. ನಾಲ್ಕು ತಂತಿಗಳ ಪೈಕಿ ಮೂರಕ್ಕೆ ಒಂದೊಂದು ಜೊತೆ ತಂತಿಯನ್ನು ಸೇರಿಸಿದರು. ಒಂದೇ ಬೆರಳು ಎರಡು ತಂತಿಗಳನ್ನು ಏಕಕಾಲಕ್ಕೆ ಒತ್ತಬೇಕು. ಕಮಾನು ಎರಡನ್ನೂ ಸಮವಾಗಿ ಎಳೆಯಬೇಕು. ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಜೊತೆ ಅಪಸ್ವರವಾಗುತ್ತದೆ. ಇದನ್ನು ಸಾಧಿಸಿದ ಚೌಡಯ್ಯನವರ ಪಿಟೀಲು ದೂರದವರೆಗೆ ಕೇಳುವ ತುಂಬುನಾದಕ್ಕೆ ಪ್ರಸಿದ್ಧವಾಯಿತು. ಮೈಸೂರು ಆಸ್ಥಾನ ವಿದ್ವಾನ್ ಪದವಿ ಅವರದಾಯಿತು. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಗೌರವವೂ ಸಂದಿತು. 1967ರ ಜನವರಿ 19ರಂದು ಅವರು ನಿಧನರಾದರು.

ಅಭಿಮಾನಿ ಕಟ್ಟಿಸಿದ ಸ್ಮಾರಕ

ಗುರು ಬಿಡಾರಂ ಕೃಷ್ಣಪ್ಪನವರು ಮೈಸೂರಿನಲ್ಲಿ ಸಂಗೀತ ಕಛೇರಿಗಳಿಗೆಂದೇ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದ್ದರು. ಶಿಷ್ಯನ ಹೆಸರಿನಲ್ಲಿ ಸಭಾಂಗಣ ಏಳಲು ಮಾತ್ರ ಅವರ ನಿಧನಾನಂತರ ಹದಿಮೂರು ವರ್ಷಗಳು ಬೇಕಾದವು. ಚೌಡಯ್ಯನವರ ಪರಮ ಅಭಿಮಾನಿಯಾಗಿದ್ದ ಕೆ.ಕೆ. ಮೂರ್ತಿ ಅವರು ಅಕಾಡೆಮಿ ಆಫ್ ಮ್ಯೂಸಿಕ್ ಸಂಸ್ಥೆಯ ಮೂಲಕ ಈ ಕನಸನ್ನು ನನಸಾಗಿಸಿದರು. 1980ರ ನವೆಂಬರ್ 14ರಂದು ಭವನ ಉದ್ಘಾಟನೆಗೊಂಡಿತು. ಸಾವಿರಕ್ಕೂ ಹೆಚ್ಚು ಆಸನಗಳುಳ್ಳ ಈ ಸಭಾಂಗಣದ ವಿನ್ಯಾಸಕಾರರು ವಾಸ್ತುಶಿಲ್ಪಿ ಎಸ್.ಎನ್. ಮೂರ್ತಿ.

ಪಿಟೀಲಿನ ಉಬ್ಬಿದ ಮೈ, ಕಿರಿದಾದ ನಡು, ತಂತಿಗಳನ್ನು ಎತ್ತಿಹಿಡಿಯುವ ಕುದುರೆ, ಬಿರಡೆಗಳು, ಜೊತೆಗೆ ಕಮಾನು ಎಲ್ಲವೂ ಕಟ್ಟಡದಲ್ಲಿ ರೂಪುಗೊಂಡಿವೆ. ತಂತಿಗಳ ಸಂಖ್ಯೆ ಏಳಾಗಿರುವುದರಿಂದ ಇದು ಯಾವುದೋ ಒಂದು ಪಿಟೀಲಾಗಿರದೆ ಚೌಡಯ್ಯನವರ ಪಿಟೀಲೇ ಆಗಿದೆ.

ವಸ್ತುವಿನ ಆಕಾರವನ್ನೇ ತಳೆದ ಕಟ್ಟಡಗಳ ಬಗ್ಗೆ ವಾಸ್ತುಶಿಲ್ಪಿಗಳಲ್ಲಿ ಒಮ್ಮತವಿಲ್ಲ. ಅಮೆರಿಕದ ಲಾಂಗ್ ಐಲೆಂಡ್‌ನಲ್ಲಿ ಬಾತುಕೋಳಿ ಮಾರಲೆಂದು 1931ರಲ್ಲಿ ಬಾತುಕೋಳಿಯ ಆಕಾರದಲ್ಲೇ ಕಟ್ಟಿದ ಅಂಗಡಿಯಿಂದಾಗಿ ಇಂಥ ಕಟ್ಟಡಗಳಿಗೆ 'ಬಾತುಕೋಳಿ' ಎಂಬ ಅಡ್ಡಹೆಸರೇ ಅಂಟಿಕೊಂಡಿದೆ. ಮಲ್ಲೇಶ್ವರದ ಪಿಟೀಲನ್ನು ಈ ಸಾಲಿಗೆ ಸೇರಿಸಬಹುದಾದರೂ, ಇಲ್ಲಿ ಆಕಾರ ಜಾಹೀರಾತಾಗದೆ ಸ್ಮರಣೆಯಾಗಿದೆ ಎಂಬ ವ್ಯತ್ಯಾಸ ಗಮನಾರ್ಹ.

ಆಕಾರ ಬೇರೆ, ನಾದ ಬೇರೆ

ಪಿಟೀಲಿನ ಆಕಾರವಿದ್ದರೆ ಸಭಾಂಗಣದಲ್ಲಿ ನಾದ ತಾನಾಗಿಯೇ ಚೆನ್ನಾಗಿ ಕೇಳುವುದೇ? ಶ್ರವಣವಿಜ್ಞಾನದ ಉತ್ತರ: ಇಲ್ಲ. ಪಿಟೀಲಿನ ತಂತಿಯ ಕಂಪನ ಕುದುರೆಯ ಮೂಲಕ ತೆಳುವಾದ ಮರದ ಹಲಗೆಗೆ ಇಳಿದು, ಆ ಹಲಗೆ ಗಾಳಿಯನ್ನು ಅಲುಗಿಸುವುದರಿಂದ ನಾದ ಹುಟ್ಟುತ್ತದೆ. ಕಾಂಕ್ರೀಟಿನ ಗೋಡೆ ಹಾಗೆ ಕಂಪಿಸುವುದಿಲ್ಲ. ಬಂದ ಶಬ್ದವನ್ನು ಪ್ರತಿಫಲಿಸುತ್ತದೆ, ಅಷ್ಟೆ. ಒಳಮುಖವಾಗಿ ಬಾಗಿದ ಗೋಡೆ ಶಬ್ದವನ್ನು ಒಂದೆಡೆ ಕೇಂದ್ರೀಕರಿಸಿದರೆ, ಉಬ್ಬಿದ ಗೋಡೆ ಅದನ್ನು ಚದುರಿಸುತ್ತದೆ.

ಸಭಾಂಗಣದ ಗುಣವನ್ನು ನಿರ್ಧರಿಸುವ ಮುಖ್ಯ ಅಂಶವೆಂದರೆ ಶಬ್ದ ಹುಟ್ಟಿದ ಬಳಿಕ ಅಡಗಲು ತೆಗೆದುಕೊಳ್ಳುವ ಸಮಯ. ಭೌತವಿಜ್ಞಾನಿ ವ್ಯಾಲೇಸ್ ಸಬೈನ್ ಈ ಲೆಕ್ಕವನ್ನು ಮೊದಲು ಅನ್ವಯಿಸಿದ್ದು 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್‌ನಲ್ಲಿ. ಪಾಶ್ಚಾತ್ಯ ವಾದ್ಯವೃಂದಕ್ಕೆ ಸುಮಾರು ಎರಡು ಸೆಕೆಂಡುಗಳ ಅನುರಣನ ಹಿತ. ಮಾತಿಗೆ ಸುಮಾರು ಒಂದು ಸೆಕೆಂಡು ಸಾಕು. ಸಾಹಿತ್ಯದ ಸ್ಪಷ್ಟತೆ ಮತ್ತು ಮೃದಂಗದ ಒಂದೊಂದು ಘಾತವೂ ಬಿಡಿಬಿಡಿಯಾಗಿ ಕೇಳಬೇಕಾದ ಕರ್ನಾಟಕ ಸಂಗೀತಕ್ಕೂ ಅತಿ ಅನುರಣನ ಸಲ್ಲದು. ಸಂಗೀತ, ನಾಟಕ, ನೃತ್ಯ ಎಲ್ಲಕ್ಕೂ ಒದಗಬೇಕಾದ ಭವನ ಇವುಗಳ ನಡುವೆ ಹೊಂದಾಣಿಕೆ ಮಾಡಿಕೊಳ್ಳಲೇಬೇಕು. ಧ್ವನಿವರ್ಧಕ ಆ ಹೊಂದಾಣಿಕೆಯ ಭಾಗ.

ವಿಪರ್ಯಾಸವಿರುವುದು ಇಲ್ಲಿಯೇ. ಧ್ವನಿವರ್ಧಕವಿಲ್ಲದ ಕಾಲದ ಅಗತ್ಯಕ್ಕೆ ಹುಟ್ಟಿದ ಏಳು ತಂತಿಯ ಪಿಟೀಲು, ಧ್ವನಿವರ್ಧಕ ಬಂದ ಮೇಲೆ ಅನಿವಾರ್ಯವಾಗಿ ಉಳಿಯಲಿಲ್ಲ. ಅದನ್ನು ಬಹುಕಾಲ ನುಡಿಸಿದ ಹಿರಿಯ ವಿದ್ವಾಂಸ ಆರ್.ಆರ್. ಕೇಶವಮೂರ್ತಿ 2006ರಲ್ಲಿ ತೀರಿಕೊಂಡರು. ಇಂದು ಕಛೇರಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ನಾಲ್ಕು ತಂತಿಯ ವಾದ್ಯವೇ. ಹೀಗಾಗಿ ನಾಡಿನ ಜನರ ಕಣ್ಣಿಗೆ ನಿತ್ಯ ಬೀಳುವ ಏಳು ತಂತಿಯ ಪಿಟೀಲೆಂದರೆ ಈ ಕಟ್ಟಡವೇ ಆಗಿದೆ.

ಕಾಂಕ್ರೀಟಿನ ತಂತಿಗಳು ನುಡಿಯಲಾರವು. ಹಳೆಯ ಧ್ವನಿಮುದ್ರಿಕೆಗಳಲ್ಲಿ ಚೌಡಯ್ಯನವರ ಕಮಾನಿನ ನಾದ ಇಂದಿಗೂ ಕೇಳಸಿಗುತ್ತದೆ. ಭವನದ ಮುಂದೆ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುವವರು ಮನೆಗೆ ಮರಳಿ ಅದನ್ನೊಮ್ಮೆ ಆಲಿಸಿದರೆ ಸ್ಮಾರಕ ಕಟ್ಟಿದ ಉದ್ದೇಶ ಈಡೇರಿದಂತೆ.