ಡೌನ್‌ಹಿಲ್ ಸೈಕಲ್ಲಿಗೆ ಹೊಸ ಫೋರ್ಕ್: ದುಡ್ಡು ಹಾಕೋ ಮುಂಚೆ

ಸ್ಟುಟ್‌ಗಾರ್ಟ್‌ನಲ್ಲಿ ಓದುವವರಿಗೆ ಒಂದು ಅದೃಷ್ಟ ಇದೆ. ಮರಿಯೆನ್‌ಪ್ಲಾಟ್ಸ್‌ನಿಂದ ಡೆಗರ್ಲೋಖ್‌ಗೆ ಹತ್ತುವ ಹಲ್ಲುಗಾಲಿ ರೈಲು, ಊರವರು ‘ತ್ಸಾಕೆ’ ಅಂತ ಕರೆಯೋದು, ಸೈಕಲ್ ಇಡೋಕೆ ಅಂತಲೇ ಒಂದು ಪುಟ್ಟ ಗಾಡಿಯನ್ನು ಮುಂದೆ ತಳ್ಳಿಕೊಂಡು ಹೋಗತ್ತೆ. ಮೇಲೆ ಇಳಿದರೆ ಕಾಡಿನೊಳಗೆ ವುಡ್‌ಪೆಕರ್ ಟ್ರೇಲ್. ಅದು ಸಾಲದು ಅನ್ನಿಸಿದವರಿಗೆ ಬ್ಲ್ಯಾಕ್ ಫಾರೆಸ್ಟಿನ ಬಾಡ್ ವಿಲ್ಡ್‌ಬಾಡ್ ಬೈಕ್ ಪಾರ್ಕ್: ಬೇರು, ಬಂಡೆ, ಕಡಿದಾದ ಇಳಿಜಾರು. ಅಲ್ಲಿ ಎರಡು ಸಲ ಹೋಗಿ ಕೈ ಮರಗಟ್ಟಿಸಿಕೊಂಡು ಬಂದವರು ಮೂರನೇ ದಿನ ಕೇಳೋ ಪ್ರಶ್ನೆ ಒಂದೇ: “ಫೋರ್ಕ್ ಬದಲಾಯಿಸಲಾ?” ಸಂಘದ ಗೆಳೆಯರಿಗೆ ವಾಟ್ಸಾಪಿನಲ್ಲಿ ತುಂಡು ತುಂಡಾಗಿ ಬರೆದಿದ್ದನ್ನ ಇಲ್ಲಿ ಒಟ್ಟಿಗೆ ಹೇಳ್ತೀನಿ.

ಪ್ರಶ್ನೆ ಸಣ್ಣದಲ್ಲ. ಬ್ಲಾಕ್ಡ್ ಅಕೌಂಟಿನಿಂದ ನಮಗೆ ತಿಂಗಳಿಗೆ ಬರೋದು 992 ಯೂರೋ. ಒಂದು ಟಾಪ್ ಮಾಡೆಲ್ ಡೌನ್‌ಹಿಲ್ ಫೋರ್ಕ್ ಅದನ್ನೂ ಮೀರತ್ತೆ. ಇನ್ನೊಂದು ಕಡೆ, ಇಳಿಜಾರಲ್ಲಿ ಮುಂದಿನ ಚಕ್ರ ಹಿಡಿತ ತಪ್ಪಿದರೆ ಬೀಳೋದು ನಾವೇ. ಹಿಂದಿನದು ಜಾರಿದರೆ ಹೇಗೋ ಸಂಭಾಳಿಸಬಹುದು.

ಡೌನ್‌ಹಿಲ್ ಫೋರ್ಕಿನ ರಚನೆ ನಮಗೆ ಹೊಸದೇನಲ್ಲ. ಅಪ್ಪನ ಆರ್‌ಎಕ್ಸ್ 100ರಲ್ಲಿ ಎರಡು ಕೊಳವೆಗಳನ್ನು ಹ್ಯಾಂಡಲ್ ಕೆಳಗೆ ಮೇಲೊಂದು, ಕೆಳಗೊಂದು ಕಡೆ ಹಿಡಿದಿರುತ್ತಲ್ಲ, ಹಾಗೇ ಇಲ್ಲೂ ಎರಡು ಕ್ರೌನ್. ಸಾಮಾನ್ಯ ಮೌಂಟನ್ ಬೈಕಿನಲ್ಲಿ ಕೆಳಗಿನದು ಮಾತ್ರ. ರಾಕ್‌ಶಾಕ್ಸ್ ಬಾಕ್ಸರ್ 200 ಮಿ.ಮೀ., ಫಾಕ್ಸ್ 40 ಆದರೆ 203 ಮಿ.ಮೀ. ಕೆಳಗೆ ಹೋಗತ್ತೆ; ಇದಕ್ಕೆ ಟ್ರಾವೆಲ್ ಅಂತಾರೆ. ಒಳಗೆ ಎರಡೇ ಕೆಲಸ: ಹೊಡೆತವನ್ನು ಸ್ಪ್ರಿಂಗ್ ಹೊರತ್ತೆ, ಆ ಶಕ್ತಿಯನ್ನು ಡ್ಯಾಂಪರ್‌ನೊಳಗಿನ ಎಣ್ಣೆ ಶಾಖವಾಗಿ ಕರಗಿಸತ್ತೆ.

ಮೊದಲ ಆಯ್ಕೆ ಸ್ಪ್ರಿಂಗಿನದು. ಕಾಯಿಲ್ ಅಂದ್ರೆ ಉಕ್ಕಿನ ಸುರುಳಿ. ಎರಡರಷ್ಟು ಒತ್ತಿದರೆ ಎರಡರಷ್ಟು ಬಲ, ಅಷ್ಟೇ. ಸಣ್ಣ ಸಣ್ಣ ಬೇರುಗಳ ಮೇಲೆ ಬೆಣ್ಣೆ ಥರ ಹೋಗತ್ತೆ. ಆದರೆ ತೂಕಕ್ಕೆ ತಕ್ಕ ಸುರುಳಿಯನ್ನೇ ಹಾಕಬೇಕು. ನಮ್ಮವರು ಇಲ್ಲೇ ಎಡವೋದು. ಕಾರ್ಖಾನೆಯಿಂದ ಬರೋ ಮಧ್ಯಮ ಸುರುಳಿ ನಮ್ಮಲ್ಲಿ ಹಲವರಿಗಿಂತ ದಪ್ಪ ಸವಾರನನ್ನು ಲೆಕ್ಕದಲ್ಲಿಟ್ಟು ಮಾಡಿದ್ದು. 58 ಕಿಲೋ ಇರೋರು ಅದನ್ನು ಹಾಗೇ ಓಡಿಸಿದರೆ ಅರ್ಧ ಟ್ರಾವೆಲ್ ಕೂಡ ಬಳಕೆಯಾಗಲ್ಲ. “ಫೋರ್ಕ್ ಚೆನ್ನಾಗಿಲ್ಲ” ಅಂತ ಬಯ್ಯೋದು ಉಳಿಯತ್ತೆ.

ಏರ್ ಸ್ಪ್ರಿಂಗಿನಲ್ಲಿ ಆ ತಲೆನೋವಿಲ್ಲ, ಪಂಪಿನಿಂದ ಒತ್ತಡ ಹೊಂದಿಸಿದರೆ ಆಯ್ತು. ಇದರ ಸ್ವಭಾವ ಅರ್ಥ ಆಗೋಕೆ ಪಿಯುಸಿಯ ಬಾಯ್ಲ್ ನಿಯಮ ಸಾಕು. ಗಾಳಿಯ ಕೋಣೆ 300 ಮಿ.ಮೀ. ಉದ್ದ ಇದೆ ಅಂದ್ಕೊಳ್ಳಿ. 200 ಮಿ.ಮೀ. ಪೂರ್ತಿ ಒತ್ತಿದರೆ ಉಳಿಯೋದು 100, ಅಂದ್ರೆ ಒತ್ತಡ ಮೂರು ಪಟ್ಟು. ಈಗ ಒಳಗೆ 20 ಮಿ.ಮೀ. ಜಾಗ ತಿನ್ನೋ ಪ್ಲಾಸ್ಟಿಕ್ ತುಂಡು ಹಾಕಿ: 280 ಇದ್ದದ್ದು 80 ಆಗತ್ತೆ, ಮೂರೂವರೆ ಪಟ್ಟು. ಮೊದಲ ಭಾಗ ಹೆಚ್ಚು ಕಡಿಮೆ ಹಾಗೇ ಉಳಿದು ಕೊನೆ ಮಾತ್ರ ಗಟ್ಟಿಯಾಯ್ತು. ದೊಡ್ಡ ಜಂಪಿನಲ್ಲಿ ‘ಠಣ್’ ಅಂತ ತಳ ಮುಟ್ಟೋರಿಗೆ ಇದೇ ಮದ್ದು. ವಿದ್ಯಾರ್ಥಿಗಳಿಗೆ ನನ್ನ ಓಟು ಏರ್‌ಗೆ: ನಾಳೆ ಮಾರಿದರೂ ಯಾವ ತೂಕದವರಾದರೂ ಕೊಳ್ತಾರೆ.

ಡ್ಯಾಂಪರ್ ವಿಷಯದಲ್ಲಿ ಒಂದು ಗೊಂದಲ ಬಿಡಿಸಿಬಿಡ್ತೀನಿ. ‘ಲೋ ಸ್ಪೀಡ್’, ‘ಹೈ ಸ್ಪೀಡ್’ ಅಂತ ಗುಂಡಿಗಳ ಮೇಲೆ ಇರತ್ತಲ್ಲ, ಅದು ಸೈಕಲ್ಲಿನ ವೇಗ ಅಲ್ಲ, ಫೋರ್ಕ್ ಒಳಗೆ ಸರಿಯೋ ವೇಗ. ಬ್ರೇಕ್ ಹಿಡಿದಾಗ ಮೂತಿ ಮೆಲ್ಲಗೆ ತಗ್ಗೋದು ಲೋ; ಚೌಕಾಕಾರದ ಬಂಡೆಗೆ ಗುದ್ದೋದು ಹೈ. ನಾಲ್ಕು ಗುಂಡಿ ಇರೋ ದುಬಾರಿ ಮಾಡೆಲ್ಲು ಅವನ್ನು ಮುಟ್ಟದವರಿಗೆ ದಂಡ. ರಿಬೌಂಡ್ ಮತ್ತು ಒಂದು ಕಂಪ್ರೆಷನ್ ಗುಂಡಿ ಸಾಕು.

ಈಗ ಎಲ್ಲಕ್ಕಿಂತ ಬೇಜಾರಿನ, ಎಲ್ಲಕ್ಕಿಂತ ಮುಖ್ಯವಾದ ಭಾಗ: ನಿಮ್ಮ ಸೈಕಲ್ಲಿಗೆ ಅದು ಕೂರತ್ತಾ? ಫ್ರೇಮ್ ಕಂಪನಿ ಎರಡು ಕ್ರೌನಿನ ಫೋರ್ಕಿಗೆ ಅನುಮತಿ ಕೊಟ್ಟಿದೆಯಾ ಅಂತ ಮೊದಲು ನೋಡಿ. ಉದ್ದದ ಫೋರ್ಕ್ ಸನ್ನೆಕೋಲಿನ ಹಾಗೆ ಹೆಡ್ ಟ್ಯೂಬನ್ನು ಎಳೆಯತ್ತೆ; ಎಂಡ್ಯೂರೋ ಫ್ರೇಮುಗಳು ಎಷ್ಟೋ ಇದಕ್ಕೆ ಆಗಲ್ಲ. ಅನುಮತಿ ಇಲ್ಲದಿದ್ದರೆ ಮಾತು ಅಲ್ಲಿಗೇ ಮುಗೀತು. ಮುಂದಿನದು ಎತ್ತರ: ಆಕ್ಸಲ್‌ನಿಂದ ಕ್ರೌನಿನವರೆಗೆ 20 ಮಿ.ಮೀ. ಹೆಚ್ಚಾದರೆ ಹೆಡ್ ಆ್ಯಂಗಲ್ ಸುಮಾರು ಒಂದು ಡಿಗ್ರಿ ಮಲಗತ್ತೆ. ಆಮೇಲೆ ಸ್ಟಿಯರರ್. ಈ ಫೋರ್ಕುಗಳದ್ದು ಸಾಮಾನ್ಯವಾಗಿ ಕೆಳಗಿನಿಂದ ಮೇಲಿನವರೆಗೆ ಒಂದೇ ದಪ್ಪ, 28.6 ಮಿ.ಮೀ.; ಈಗಿನ ಫ್ರೇಮುಗಳಲ್ಲಿ ಕೆಳಗಿನ ರಂಧ್ರ ಅಗಲ. ಹಾಗಾಗಿ ಕೆಳಗಿನ ಬೇರಿಂಗಿಗೆ ಒಂದು ಅಡಾಪ್ಟರ್ ಬೇಕು. ಸಣ್ಣ ತುಂಡು, ಆದರೆ ಅದಿಲ್ಲದೆ ಶನಿವಾರ ಪೂರ್ತಿ ಹಾಳು. ಹ್ಯಾಂಡಲ್ ಹಿಡಿಯೋ ಸ್ಟೆಮ್ ಕೂಡ ಬದಲಾಗತ್ತೆ, ಮೇಲಿನ ಕ್ರೌನಿಗೇ ಬೋಲ್ಟ್ ಆಗೋ ಥರದ್ದು ಬೇಕು. ಹಬ್ ವಿಷಯದಲ್ಲಿ ಎಚ್ಚರ: ಹಳೇದೂ 20×110, ಹೊಸ ಬೂಸ್ಟ್ ಕೂಡ 20×110, ಆದರೆ ಡಿಸ್ಕ್ ಕೂರೋ ಜಾಗ ಬೇರೆ. ನಂಬರ್ ನೋಡಿ ಮೋಸ ಹೋಗಬೇಡಿ. 29 ಇಂಚಿನ ಚಕ್ರ 27.5ರ ಫೋರ್ಕಿನಲ್ಲಿ ಹಿಡಿಯಲ್ಲ ಅನ್ನೋದನ್ನ ಬಿಡಿಸಿ ಹೇಳಬೇಕಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳೋದೇ ನಮ್ಮ ಪಾಲಿನ ದಾರಿ, ಅದರಲ್ಲಿ ನಾಚಿಕೆ ಏನಿಲ್ಲ. ಹೊಳೆಯೋ ಒಳ ಕೊಳವೆಗಳ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ವಾಪಸ್ ಬನ್ನಿ, ಅಲ್ಲಿಂದ ಎಣ್ಣೆ ಸೋರತ್ತೆ. ಮುಂದಿನ ಬ್ರೇಕ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ, ‘ಕಟಕಟ’ ಅಂದರೆ ಬುಷ್ ಸವೆದಿರಬಹುದು. ಸ್ಟಿಯರರ್ ಉದ್ದ ಅಳೆದು ತಿಳಿಸೋಕೆ ಹೇಳಿ, ಯಾಕಂದ್ರೆ ಕತ್ತರಿಸಿದ್ದನ್ನು ಮತ್ತೆ ಉದ್ದ ಮಾಡೋಕಾಗಲ್ಲ. ಬಿಲ್ಲು ಕೇಳಿ. ಕದ್ದ ಮಾಲಿನ ಭಯ ತಪ್ಪತ್ತೆ.

ಆದರೆ ಯಾವುದನ್ನೂ ಕೊಳ್ಳೋ ಮುಂಚೆ ಈಗಿರೋ ಫೋರ್ಕಿನ ಸರ್ವೀಸ್ ಯಾವಾಗ ಆಗಿದೆ ಅಂತ ಯೋಚಿಸಿ. ರಾಕ್‌ಶಾಕ್ಸ್ ಕೆಳಗಿನ ಕಾಲುಗಳ ಎಣ್ಣೆಯನ್ನು 50 ಗಂಟೆಗೊಮ್ಮೆ ಬದಲಿಸಿ ಅನ್ನತ್ತೆ. ನಮ್ಮಲ್ಲಿ 50 ಗಂಟೆ ಎಂದೋ ದಾಟಿರತ್ತೆ. ಒಣಗಿದ ಸೀಲಿನ ಎಳೆತವನ್ನೇ “ಹಳೇ ಮಾಡೆಲ್” ಅಂತ ತಿಳಿದು ಎಷ್ಟೋ ಜನ ಹೊಸದು ಕೊಳ್ತಾರೆ. ಎಣ್ಣೆ, ಸೀಲು, ತೂಕಕ್ಕೆ ಸರಿಯಾದ ಸ್ಪ್ರಿಂಗು, ಒಳ್ಳೇ ಟೈರು; ಇಷ್ಟು ಮಾಡಿಯೂ ಕೈ ಮರಗಟ್ಟಿದರೆ ಆಮೇಲೆ ಅಪ್‌ಗ್ರೇಡ್.

ಕೂರಿಸಿದ ಮೇಲೆ ಗಾಳಿ ಬಿಟ್ಟು ಫೋರ್ಕನ್ನು ಪೂರ್ತಿ ಒತ್ತಿ, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಕೊಳವೆ ಫ್ರೇಮಿಗೆ ನೇರ ಬಡಿಯಬಾರದು, ಮಧ್ಯೆ ರಬ್ಬರ್ ಇರಬೇಕು. ಬ್ರೇಕ್ ಪೈಪು ಬಿಗಿಯಬಾರದು. ಆಮೇಲೆ ಹೆಲ್ಮೆಟ್, ಪ್ಯಾಡ್ ಎಲ್ಲಾ ಹಾಕ್ಕೊಂಡೇ ಪೆಡಲ್ ಮೇಲೆ ನಿಂತು ಸ್ಯಾಗ್ ಹೊಂದಿಸಿ: 200 ಮಿ.ಮೀ.ಗೆ 40ರ ಆಸುಪಾಸು. ಒಂದೇ ಟ್ರೇಲಿನಲ್ಲಿ, ಒಂದು ಸಲಕ್ಕೆ ಒಂದೇ ಗುಂಡಿ ತಿರುಗಿಸಿ, ಫೋನಿನಲ್ಲಿ ಬರೆದಿಡಿ. ಮೊದಲ ದಿನ ಮುಗಿದ ಮೇಲೆ ಕ್ರೌನ್ ಬೋಲ್ಟುಗಳನ್ನು ಕಂಪನಿ ಹೇಳಿದ ಟಾರ್ಕಿಗೆ ಮತ್ತೊಮ್ಮೆ ನೋಡಿಬಿಡಿ. ಟಾರ್ಕ್ ವ್ರೆಂಚ್ ಬೇಕಿದ್ದರೆ ನನ್ನ ರೂಮಿನಲ್ಲಿದೆ. ಬರುವಾಗ ಎಂಟಿಆರ್ ರವಾ ಇಡ್ಲಿ ಪ್ಯಾಕೆಟ್ ತಂದರೆ ಬೇಡ ಅನ್ನಲ್ಲ.