ನಮ್ಮ ನಂತರ ಇವರಿಗೆ ಯಾರು?

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ ಮೊದಲಾದ ಬೆಳವಣಿಗೆಯ ವೈಕಲ್ಯಗಳುಳ್ಳ ಮಕ್ಕಳ ತಂದೆತಾಯಿಗಳನ್ನು ವಯಸ್ಸಾದಂತೆಲ್ಲ ಕಾಡುವ ಪ್ರಶ್ನೆ ಇದು. ಇವು ಔಷಧದಿಂದ ಗುಣವಾಗುವ ರೋಗಗಳಲ್ಲ. ಯಾರ ಪಾಪದ ಫಲವೂ ಅಲ್ಲ. ಇವರಿಗೆ ಬೇಕಾದುದು ಬಾಳಿನುದ್ದಕ್ಕೂ ದೊರೆಯುವ ನಿತ್ಯದ ಆಸರೆ. ಆ ಆಸರೆ ಎಂತಹುದು ಎಂಬುದರಲ್ಲಿಯೇ ಈ ಪ್ರಶ್ನೆಯ ಅರ್ಧ ಉತ್ತರ ಅಡಗಿದೆ.

ಮಮತೆಯ ಭರದಲ್ಲಿ ಮನೆಯವರು ಎಲ್ಲವನ್ನೂ ತಾವೇ ಮಾಡಿಬಿಡುವುದುಂಟು. ಇಪ್ಪತ್ತು ದಾಟಿದ ಮಗನಿಗೂ ಅಂಗಿಯ ಗುಂಡಿ ಹಾಕುತ್ತಾರೆ. ಹೀಗಾದರೆ ಅವನ ಕೈ ಕಲಿಯುವುದೆಂದು? ವಿಶೇಷ ಶಿಕ್ಷಕರ ಕ್ರಮ ಬೇರೆ. ಅಂಗಿ ತೊಡುವ ಕೆಲಸವನ್ನು ಹಂತಗಳಾಗಿ ಒಡೆದು, ಮೊದಲ ಹಂತಗಳನ್ನೆಲ್ಲ ತಾವೇ ಪೂರೈಸಿ, ಕೊನೆಯ ಗುಂಡಿಯೊಂದನ್ನು ಅವನಿಗೆ ಬಿಡುತ್ತಾರೆ. ಅದು ಕೈವಶವಾದ ಮೇಲೆ ಎರಡು, ಬಳಿಕ ಮೂರು. ಕೆಲಸ ಪ್ರತಿದಿನವೂ ಅವನ ಕೈಯಿಂದಲೇ ಮುಗಿಯುವುದರಿಂದ, ಮಾಡಿ ಮುಗಿಸಿದ ಸಂತೋಷ ಅವನದಾಗುತ್ತದೆ. ದಿನಚರಿಯನ್ನು ಚಿತ್ರಗಳಲ್ಲಿ ಗೋಡೆಗೆ ಅಂಟಿಸುವುದೂ, ಸೂಚನೆಯನ್ನು ಚಿಕ್ಕದಾಗಿ ಹೇಳಿ ತುಸು ಕಾಯುವುದೂ ಇದೇ ಬಗೆಯ ಆಸರೆ.

ಆರೋಗ್ಯದಲ್ಲಿ ವಿಶೇಷ ಎಚ್ಚರ ಅಗತ್ಯ. ಮಾತು ಬಾರದವರು ನೋವನ್ನು ಸಿಟ್ಟಿನಿಂದಲೋ ಊಟ ಬಿಟ್ಟೋ ತಿಳಿಸುತ್ತಾರೆ. ನಡತೆ ದಿಢೀರನೆ ಬದಲಾದರೆ ಗದರುವ ಮೊದಲು ಹಲ್ಲು, ಕಿವಿ, ಮಲಬದ್ಧತೆಗಳನ್ನು ವೈದ್ಯರಿಂದ ಪರೀಕ್ಷಿಸಿಸಬೇಕು. ನುಂಗಲು ಕಷ್ಟಪಡುವವರಿಗೆ ಮಲಗಿಸಿ ಉಣಿಸಬಾರದು. ಮೂರ್ಛೆರೋಗದ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಲಾಗದು.

ಉಳಿದರ್ಧ ಉತ್ತರ ಕಾನೂನಿನಲ್ಲಿದೆ. 18 ವರ್ಷ ತುಂಬಿದ ಮೇಲೆ ತಂದೆತಾಯಿಗಳು ತಾವಾಗಿಯೇ ಕಾನೂನುಬದ್ಧ ಪೋಷಕರಾಗಿ ಉಳಿಯುವುದಿಲ್ಲ. ರಾಷ್ಟ್ರೀಯ ನ್ಯಾಸ ಕಾಯ್ದೆ, 1999ರ ಪ್ರಕಾರ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ ಹಾಗೂ ಬಹುವೈಕಲ್ಯವುಳ್ಳವರಿಗೆ ಪೋಷಕರನ್ನು ನೇಮಿಸುವ ಅಧಿಕಾರ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗಿದೆ. ಅದೇ ನ್ಯಾಸದ ‘ನಿರಾಮಯ’ ಯೋಜನೆ ಇವರಿಗೆ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಒದಗಿಸುತ್ತದೆ. ಥೆರಪಿಯ ವೆಚ್ಚವೂ ಅದರಲ್ಲಿ ಸೇರಿದೆ. ಹಗಲು ಆರೈಕೆ ಕೇಂದ್ರಗಳಿಗೂ ನ್ಯಾಸದ ನೆರವುಂಟು. ತಂದೆತಾಯಿಗಳು ಗಟ್ಟಿಯಾಗಿರುವಾಗಲೇ ಈ ಏರ್ಪಾಡುಗಳನ್ನು ಮಾಡಿಕೊಳ್ಳುವುದು ಲೇಸು.

ನೆರೆಹೊರೆಯವರ ಪಾಲಿನದೂ ಒಂದಿದೆ. ವರ್ಷಗಟ್ಟಲೆ ಮನೆ ಬಿಟ್ಟು ಹೊರಡದ ತಾಯಿಗೆ ವಾರಕ್ಕೊಮ್ಮೆ ಎರಡು ಗಂಟೆ ಬಿಡುವು ಮಾಡಿಕೊಟ್ಟರೂ ಅದು ದೊಡ್ಡ ಸೇವೆ. ಜಾತ್ರೆಗೂ ಪ್ರಸಾದದ ಪಂಕ್ತಿಗೂ ಇವರನ್ನು ಕರೆತನ್ನಿ. ಹೆಸರು ಹಿಡಿದು ಮಾತನಾಡಿಸಿ. ತನ್ನನ್ನು ಬಲ್ಲ ಹತ್ತು ಜನರಿರುವ ಊರಿನಲ್ಲಿ ಯಾರೂ ಒಮ್ಮೆಗೇ ಅನಾಥರಾಗುವುದಿಲ್ಲ.